ಯಕ್ಷಗಾನಕ್ಕೂ ಹಕ್ಕಿಗಳಿಗೂ ಒಂದೇ ಹಳೆಯ ಕ್ಯಾಮೆರಾ: ನಿಕಾನ್ ಡಿ300 ಕೊಳ್ಳುವುದೋ, ಡಿ7000 ಕೊಳ್ಳುವುದೋ?

ಸೋಗೆಮನೆ

ಎಲ್ಲರಿಗೂ ನಮಸ್ಕಾರ. ಬಳಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಒಂದು ಅಂಗಡಿಯಲ್ಲಿ 2007ರಲ್ಲಿ ಬಂದ ನಿಕಾನ್ ಡಿ300 ಇದೆ, ಇನ್ನೊಂದು ಕಡೆ 2010ರ ಡಿ7000 ಇದೆ. ಲೆನ್ಸ್ ಇಲ್ಲದ ಬರಿಯ ಕ್ಯಾಮೆರಾಕ್ಕೆ ಮೊದಲನೆಯದಕ್ಕೆ 11,000 ರೂಪಾಯಿ, ಎರಡನೆಯದಕ್ಕೆ 15,000 ರೂಪಾಯಿ ಹೇಳಿದ್ದಾರೆ. ಲೆನ್ಸನ್ನೂ ಸೇರಿಸಿ ಒಟ್ಟು ಖರ್ಚು 30,000 ದಾಟಬಾರದು. ಚಿಕ್ಕಪ್ಪ ಫಿಲ್ಮ್ ಕ್ಯಾಮೆರಾದ ಕಾಲದಲ್ಲಿ ಬಳಸುತ್ತಿದ್ದ 50 ಎಂಎಂ ಎಫ್/1.8ಡಿ ಲೆನ್ಸ್ ಒಂದು ಮನೆಯಲ್ಲಿದೆ.

ನಾನು ಹೊನ್ನಾವರದ ಕಡೆಯವನು. ನವೆಂಬರಿನಿಂದ ಮೇ ತಿಂಗಳವರೆಗೆ ಸುತ್ತಮುತ್ತ ಎಲ್ಲಿ ಯಕ್ಷಗಾನದ ಆಟವಾದರೂ ಹೋಗುವ ಅಭ್ಯಾಸ ಇರುವುದರಿಂದ ರಾತ್ರಿಯ ರಂಗಸ್ಥಳದ ಚಿತ್ರಗಳೇ ನನಗೆ ಮುಖ್ಯ. ಹಗಲಿನಲ್ಲಿ ಬಿಡುವಾದಾಗ ಶರಾವತಿಯ ಅಳಿವೆಯ ಕಡೆ ಗರುಡ, ಬೆಳ್ಳಕ್ಕಿ, ಮಿಂಚುಳ್ಳಿಗಳನ್ನು ತೆಗೆಯುವ ಆಸೆಯೂ ಇದೆ. ಡಿ300 ವೃತ್ತಿಪರರ ಕ್ಯಾಮೆರಾ, ಆದ್ದರಿಂದ ಅದನ್ನೇ ತೆಗೆದುಕೊಳ್ಳಿ ಎಂದು ಒಬ್ಬರು ಹೇಳಿದರೆ, ಮೂರು ವರ್ಷ ಹೊಸದಾದ ಡಿ7000 ಬಿಟ್ಟು ಹಳೆಯದನ್ನು ಏಕೆ ಕೊಳ್ಳುತ್ತೀರಿ ಎಂದು ಮತ್ತೊಬ್ಬರು ಕೇಳುತ್ತಾರೆ. ಎರಡನ್ನೂ ಬಳಸಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಹಳೇಗಾಜು

ಸೋಗೆಮನೆಯವರೇ, ನಿಮ್ಮ ಚಿಕ್ಕಪ್ಪನ ಲೆನ್ಸಿನಿಂದಲೇ ಶುರು ಮಾಡೋಣ. ಎಫ್/1.8ಡಿ ಲೆನ್ಸಿನ ಒಳಗೆ ಫೋಕಸ್ ಮೋಟಾರ್ ಇಲ್ಲ. ಕ್ಯಾಮೆರಾದ ಮೌಂಟಿನಲ್ಲಿರುವ ಸಣ್ಣ ಸ್ಕ್ರೂ ತಿರುಗಿ ಅದನ್ನು ಫೋಕಸ್ ಮಾಡಿಸುತ್ತದೆ. ಡಿ3100, ಡಿ5100ಗಳಂತಹ ಅಗ್ಗದ ನಿಕಾನ್ ಕ್ಯಾಮೆರಾಗಳಲ್ಲಿ ಆ ಮೋಟಾರೇ ಇಲ್ಲದಿರುವುದರಿಂದ ಈ ಲೆನ್ಸನ್ನು ಅಲ್ಲಿ ಕೈಯಿಂದಲೇ ತಿರುಗಿಸಬೇಕಾಗುತ್ತದೆ. ನೀವು ಹೆಸರಿಸಿದ ಎರಡರಲ್ಲೂ ಮೋಟಾರ್ ಇದೆ, ಹಾಗಾಗಿ ನೀವು ಆರಿಸಿಕೊಂಡಿರುವ ಜೋಡಿ ಒಳ್ಳೆಯದೇ. ಈ ಎರಡರಲ್ಲಿರುವ, ಫಿಲ್ಮಿಗಿಂತ ಚಿಕ್ಕದಾದ ಡಿಎಕ್ಸ್ ಸಂವೇದಕದ (ಬೆಳಕನ್ನು ಚಿತ್ರವಾಗಿಸುವ ಭಾಗ) ಮೇಲೆ 50 ಎಂಎಂ ಲೆನ್ಸ್ 75 ಎಂಎಂನಷ್ಟು ಹತ್ತಿರದ ನೋಟವನ್ನು ಕೊಡುತ್ತದೆ. ಪ್ರೇಕ್ಷಕರ ಮೊದಲ ಸಾಲುಗಳಲ್ಲಿ ಕುಳಿತರೆ ಒಬ್ಬ ಪಾತ್ರಧಾರಿಯ ಸೊಂಟದಿಂದ ಕಿರೀಟದವರೆಗೆ ಹೆಚ್ಚುಕಡಿಮೆ ಸರಿಯಾಗಿ ತುಂಬುತ್ತದೆ.

ಆ ಲೆನ್ಸಿನಲ್ಲಿ ಅಪರ್ಚರ್ ರಿಂಗ್ (ಬೆಳಕು ಬರುವ ಕಿಂಡಿಯ ಗಾತ್ರ ಬದಲಿಸುವ ಬಳೆ) ಇರುವುದರಿಂದ ಒಂದು ಮಾತು ನೆನಪಿನಲ್ಲಿಡಿ. ರಿಂಗನ್ನು 22ಕ್ಕೆ ತಿರುಗಿಸಿ, ಪಕ್ಕದ ಸಣ್ಣ ಲಾಕನ್ನು ಹಾಕಿದ ಮೇಲೆಯೇ ಕ್ಯಾಮೆರಾಕ್ಕೆ ಜೋಡಿಸಬೇಕು. ಇಲ್ಲವಾದರೆ ಪರದೆಯಲ್ಲಿ "ಎಫ್‌ಇಇ" ಎಂದು ಮಿನುಗುತ್ತದೆ, ಶಟರ್ ಬೀಳುವುದಿಲ್ಲ. ಅದನ್ನು ಕಂಡು ಲೆನ್ಸ್ ಕೆಟ್ಟಿದೆ ಎಂದುಕೊಂಡು ಮೂರು ಕಾಸಿಗೆ ಮಾರಿದವರಿದ್ದಾರೆ.

ಇನ್ನು ಕ್ಯಾಮೆರಾಗಳ ವಿಚಾರ. ಬಿಡುಗಡೆಯಾದಾಗ ಡಿ300ರ ಬೆಲೆ ಅಮೆರಿಕದಲ್ಲಿ 1,799 ಡಾಲರ್, ಡಿ7000ದ್ದು 1,199 ಡಾಲರ್. ಈ ಅಂತರ ಕೈಯಲ್ಲಿ ಹಿಡಿದಾಗ ಇಂದಿಗೂ ಗೊತ್ತಾಗುತ್ತದೆ. ಡಿ300ರ ಇಡೀ ಕವಚ ಮೆಗ್ನೀಷಿಯಂ ಮಿಶ್ರಲೋಹದ್ದು, ಬ್ಯಾಟರಿ ಇಲ್ಲದೆಯೇ 825 ಗ್ರಾಂ ತೂಗುತ್ತದೆ. ಡಿ7000ದಲ್ಲಿ ಮೇಲ್ಭಾಗ ಮತ್ತು ಹಿಂಭಾಗಕ್ಕೆ ಮಾತ್ರ ಆ ಲೋಹ, ತೂಕ 690 ಗ್ರಾಂ. ಬಿಳಿ ಸಮತೋಲನ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ), ಚಿತ್ರದ ಗುಣಮಟ್ಟ ಇವಕ್ಕೆ ಡಿ300ರಲ್ಲಿ ಎಡ ಹೆಗಲ ಮೇಲೆಯೇ ಗುಂಡಿಗಳಿವೆ. ಫೋಕಸ್‌ಗಾಗಿಯೇ ಮೀಸಲಾದ ಎಎಫ್-ಆನ್ ಗುಂಡಿ ಹೆಬ್ಬೆರಳಿನ ಕೆಳಗಿದೆ. ಡಿ7000ದಲ್ಲಿ ಆ ಕೆಲಸವನ್ನು ಎಇ-ಎಲ್ ಗುಂಡಿಗೆ ಮೆನುವಿನಲ್ಲಿ ಹೊಂದಿಸಿಕೊಳ್ಳಬಹುದು. ಪ್ರತಿಯಾಗಿ, ಡಿ7000ದ ಡಯಲಿನಲ್ಲಿರುವ ಯು1, ಯು2 ಸ್ಥಾನಗಳಲ್ಲಿ ನಮ್ಮದೇ ಹೊಂದಾಣಿಕೆಗಳನ್ನು ಉಳಿಸಿಟ್ಟುಕೊಳ್ಳಬಹುದು. ನಿಮ್ಮಂತೆ ರಾತ್ರಿ ಆಟ, ಬೆಳಿಗ್ಗೆ ಹಕ್ಕಿ ಎನ್ನುವವರಿಗೆ ಒಂದನ್ನು ರಂಗಸ್ಥಳಕ್ಕೆ, ಇನ್ನೊಂದನ್ನು ಅಳಿವೆಗೆ ಇಟ್ಟುಕೊಂಡರೆ ಎಷ್ಟು ಅನುಕೂಲ ಎಂಬುದು ಬಳಸಿದ ಮೇಲೆ ಗೊತ್ತಾಗುತ್ತದೆ.

ಎರಡರಲ್ಲೂ ನೂರಕ್ಕೆ ನೂರು ತೋರಿಸುವ ವ್ಯೂಫೈಂಡರ್, 1/8000 ಸೆಕೆಂಡಿನವರೆಗಿನ ಶಟರ್, 1,50,000 ಕ್ಲಿಕ್ಕುಗಳಿಗೆ ಪರೀಕ್ಷಿಸಿದ ಶಟರ್ ಘಟಕ ಇವೆ. ಆ ವಿಷಯಗಳಲ್ಲಿ ಹೋಲಿಸಿ ಸಮಯ ಕಳೆಯಬೇಡಿ.

ಚಂಡೆಪ್ರಿಯ

ಹಳೇಗಾಜು ಸರ್ ಕ್ಯಾಮೆರಾದ ಹೊರಮೈಯನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಬಹುಕಾಲದಿಂದ ಆಟದ ಚಿತ್ರಗಳನ್ನು ತೆಗೆಯುತ್ತಿರುವವನು, ಎರಡೂ ಕ್ಯಾಮೆರಾಗಳನ್ನು ರಂಗಸ್ಥಳದ ಎದುರು ಬಳಸಿದ್ದೇನೆ. ಮುಖ್ಯವಾಗಿ ರಾತ್ರಿಯ ಚಿತ್ರಕ್ಕಾದರೆ ಡಿ7000 ಎಂದು ಎರಡನೆಯ ಯೋಚನೆಯಿಲ್ಲದೆ ಹೇಳುತ್ತೇನೆ. ಕಾರಣ ಮೆಗಾಪಿಕ್ಸೆಲ್ ಅಲ್ಲ.

ಡಿ300ರ ಐಎಸ್‌ಒ 200ರಿಂದ 3200ರವರೆಗೆ, ಅದರಾಚೆಗಿನದು ಎಳೆದು ಹಿಗ್ಗಿಸಿದ್ದು. ಡಿ7000ದ್ದು 100ರಿಂದ 6400ರವರೆಗೆ. ರಾ ಫೈಲುಗಳನ್ನು (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರಗಳು) ಪಕ್ಕಪಕ್ಕದಲ್ಲಿಟ್ಟರೆ 3200ರಲ್ಲಿ ಡಿ7000 ಕೊಡುವ ಚಿತ್ರ ಸುಮಾರಾಗಿ 1600ರಲ್ಲಿ ಡಿ300 ಕೊಡುವ ಚಿತ್ರದಷ್ಟು ಶುಚಿಯಾಗಿರುತ್ತದೆ. ಆದರೆ ನಿಜವಾದ ವ್ಯತ್ಯಾಸ ಇರುವುದು ನೆರಳಿನಲ್ಲಿ. ಡಿಎಕ್ಸ್‌ಒಮಾರ್ಕ್‌ನ ಅಳತೆಯ ಪ್ರಕಾರ ಡಿ300ರ ಡೈನಾಮಿಕ್ ರೇಂಜ್ (ಒಂದೇ ಚಿತ್ರದಲ್ಲಿ ಕತ್ತಲಿನಿಂದ ಬೆಳಕಿನವರೆಗೆ ಹಿಡಿಯಬಲ್ಲ ವ್ಯಾಪ್ತಿ) ಸುಮಾರು 12 ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಎರಡರಷ್ಟು), ಡಿ7000ದ್ದು ಸುಮಾರು 13.9 ಸ್ಟಾಪ್. ಕಾಗದದ ಮೇಲಿನ ಈ ಅಂಕಿಯನ್ನು ಯಕ್ಷಗಾನದ ವೇಷಕ್ಕೆ ಹೊಂದಿಸಿ ನೋಡಿ. ಎದೆಯ ಮೇಲಿನ ಚಿನ್ನದ ಬಣ್ಣದ ಆಭರಣಗಳಿಗೆ ಮುಂದಿನ ದೀಪ ನೇರವಾಗಿ ಬಡಿಯುತ್ತದೆ, ಅವು ಬೆಳ್ಳಗೆ ಸುಟ್ಟುಹೋಗದಂತೆ ಎಕ್ಸ್‌ಪೋಷರನ್ನು ಇಳಿಸಲೇಬೇಕು. ಇಳಿಸಿದ ಕೂಡಲೇ ಕೇದಗೆ ಮುಂದಲೆ ಎಂಬ ಶಿರೋಭೂಷಣದ ಕೆಳಗಿನ ಹಣೆ, ಕಣ್ಣಿನ ಗುಳಿ, ಕಪ್ಪು ಮುಂಡಾಸಿನ ಮಡಿಕೆಗಳು ಕತ್ತಲಾಗುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಆ ನೆರಳನ್ನು ಎರಡು ಸ್ಟಾಪ್ ಎತ್ತಿದಾಗ ಡಿ7000ದ ಫೈಲಿನಲ್ಲಿ ಮುಂಡಾಸಿನ ಮಡಿಕೆ ಮಡಿಕೆಯಾಗಿಯೇ ಮೇಲೆ ಬರುತ್ತದೆ. ಡಿ300ರ ಫೈಲಿನಲ್ಲಿ ಮಡಿಕೆಯ ಜೊತೆಗೆ ಕೆಂಪು ಹಸಿರು ಚುಕ್ಕೆಗಳೂ ಎದ್ದು ಬರುತ್ತವೆ.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕ್ಯಾಮೆರಾ ಕೊಂಡ ಮೇಲೆ ಇದು ಕ್ಯಾಮೆರಾದ ದೋಷವೆಂದು ಹಲವರು ತಿಳಿಯುತ್ತಾರೆ. ಈಗ ಎಲ್ಲ ಕಡೆ ರಂಗಸ್ಥಳಕ್ಕೆ ಎಲ್‌ಇಡಿ ದೀಪಗಳು ಬಂದಿವೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಸಾಧಾರಣ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಶಟರಿಗೆ ಕಾಣುತ್ತದೆ. 1/320 ಸೆಕೆಂಡಿನಲ್ಲಿ ಸಾಲಾಗಿ ಐದಾರು ಚಿತ್ರ ತೆಗೆದರೆ ಒಂದು ಬೆಳಕಾಗಿ, ಮುಂದಿನದು ಮಂಕಾಗಿ, ಮತ್ತೊಂದರಲ್ಲಿ ಕಿರೀಟದ ಮೇಲೆ ಒಂದು ಬಣ್ಣದ ಪಟ್ಟೆ, ಪಾದದ ಬಳಿ ಇನ್ನೊಂದು ಬಣ್ಣದ ಪಟ್ಟೆ ಬರುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪ್ರತಿ ಚಿತ್ರದಲ್ಲೂ ಮಿನುಗಿನ ಪೂರ್ತಿ ಸುತ್ತು ಸೇರುವುದರಿಂದ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಮಂಡಿ ಹಾಕಿ ತಿರುಗುವ ವೇಷಧಾರಿಯನ್ನು 1/100ರಲ್ಲಿ ನಿಲ್ಲಿಸಲಾಗದು. ಮಿನುಗಿನ ಉಚ್ಚ ಬೆಳಕಿಗೆ ಸರಿಯಾಗಿ ಶಟರ್ ಬೀಳುವಂತೆ ಮಾಡುವ ಸೌಲಭ್ಯ ನಿಕಾನಿನಲ್ಲಿ ಬಂದದ್ದು 2016ರ ಡಿ500ರ ಹೊತ್ತಿಗೆ. ನೀವು ನೋಡುತ್ತಿರುವ ಎರಡರಲ್ಲೂ ಅದಿಲ್ಲ. ಡಿ7000ದ ಮೆನುವಿನಲ್ಲಿ "ಫ್ಲಿಕರ್ ರಿಡಕ್ಷನ್" ಎಂಬ ಸಾಲು ಕಾಣಿಸುತ್ತದೆ, ಆದರೆ ಅದು ಹಿಂದಿನ ಪರದೆಯಲ್ಲಿ ನೋಡಿ ತೆಗೆಯುವ ಲೈವ್ ವ್ಯೂಗೂ ವಿಡಿಯೊಗೂ ಮಾತ್ರ.

ಹಾಗಾದರೆ ಮಂಡಿ ಕುಣಿತಕ್ಕೆ ಏನು ಮಾಡುವುದು? ವೇಗದ ಶಟರಿನಲ್ಲಿ ಸಾಲು ಚಿತ್ರ ತೆಗೆದು ಅವುಗಳಲ್ಲಿ ಚೆನ್ನಾಗಿರುವುದನ್ನು ಆರಿಸಿಕೊಳ್ಳುವುದು ಒಂದು ದಾರಿ. ಕುಣಿತದ ಮುಕ್ತಾಯದಲ್ಲಿ ವೇಷ ಕ್ಷಣಕಾಲ ನಿಲ್ಲುವ ಭಂಗಿಗೆ ಕಾದು 1/100ರಲ್ಲೇ ತೆಗೆಯುವುದು ಇನ್ನೊಂದು. ಚಂಡೆಯ ಮುಕ್ತಾಯದ ಪೆಟ್ಟು ಗೊತ್ತಿರುವವರಿಗೆ ಎರಡನೆಯದು ಸುಲಭ, ಫಲವೂ ಹೆಚ್ಚು. ಇದರಲ್ಲಿ ಕ್ಯಾಮೆರಾಕ್ಕಿಂತ ಆಟ ನೋಡಿದ ಅನುಭವವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮಿಂಚುಳ್ಳಿ

ಚಂಡೆಪ್ರಿಯ ಅವರ ಮಾತು ರಂಗಸ್ಥಳದ ಮಟ್ಟಿಗೆ ಒಪ್ಪತಕ್ಕದ್ದು. ಆದರೆ ಹಕ್ಕಿಗಳ ಕಡೆಯಿಂದ ನೋಡುವವಳಾಗಿ ನಾನು ಡಿ300ರ ಪರವಾಗಿ ನಾಲ್ಕು ಮಾತು ಹೇಳಲೇಬೇಕು.

ಡಿ300ರಲ್ಲಿರುವ ಫೋಕಸ್ ವ್ಯವಸ್ಥೆ ಅದರ ಜೊತೆಗೇ ಬಂದ ವೃತ್ತಿಪರ ಡಿ3ಯ ಪೀಳಿಗೆಯದು. 51 ಬಿಂದುಗಳು, ಅವುಗಳಲ್ಲಿ ನಡುವಿನ 15 ಕ್ರಾಸ್ ಮಾದರಿಯವು (ಅಡ್ಡ, ಉದ್ದ ಎರಡೂ ಗೆರೆಗಳನ್ನು ಹಿಡಿಯುವಂಥವು). ಡಿ7000ದಲ್ಲಿ 39 ಬಿಂದುಗಳು, 9 ಕ್ರಾಸ್. ಅಳಿವೆಯ ಮೇಲೆ ಗರುಡ ಸುತ್ತು ಹಾಕುತ್ತಿರುವಾಗ ಬರಿಯ ಆಕಾಶ ಹಿನ್ನೆಲೆಯಾದರೆ ಎರಡೂ ಹಿಡಿಯುತ್ತವೆ. ಅದೇ ಗರುಡ ಇಳಿದು ತೆಂಗಿನ ತೋಟದ ಎದುರು ಹಾದುಹೋದಾಗ ಡಿ7000 ಹಲವು ಸಲ ಹಕ್ಕಿಯನ್ನು ಬಿಟ್ಟು ತೆಂಗಿನ ಗರಿಗೆ ಅಂಟಿಕೊಳ್ಳುತ್ತದೆ, ಡಿ300 ಹಕ್ಕಿಯನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇದು ನನ್ನ ಅನುಭವ, ಪರೀಕ್ಷಾಲಯದ ಮಾತಲ್ಲ.

ಎರಡನೆಯದು ಬಫರ್, ಅಂದರೆ ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳು ತಂಗುವ ಒಳಸ್ಮರಣೆ. ಎರಡೂ ಸೆಕೆಂಡಿಗೆ 6 ಚಿತ್ರ ತೆಗೆಯುತ್ತವೆ ಎಂದು ಪಟ್ಟಿಯಲ್ಲಿ ಬರೆದಿರುತ್ತದೆ. ಡಿ7000ದಲ್ಲಿ 14 ಬಿಟ್ (ಹೆಚ್ಚು ವಿವರ ಹಿಡಿಯುವ) ರಾ ಇಟ್ಟುಕೊಂಡರೆ ಸುಮಾರು 10 ಚಿತ್ರಕ್ಕೆ ಬಫರ್ ತುಂಬುತ್ತದೆ, ಅಂದರೆ ಎರಡು ಸೆಕೆಂಡು ತುಂಬುವುದರೊಳಗೆ ಕ್ಯಾಮೆರಾ ಏದುಸಿರು ಬಿಡುತ್ತದೆ. ಮಿಂಚುಳ್ಳಿ ಕೊಂಬೆ ಬಿಟ್ಟು ನೀರಿಗೆ ಬಿದ್ದು ಮೀನಿನೊಂದಿಗೆ ಮೇಲೇಳುವ ಹೊತ್ತಿಗೆ ಸರಿಯಾಗಿ ಅದು ನಿಲ್ಲುತ್ತದೆ. ಡಿ300 12 ಬಿಟ್ ರಾದಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಓಡುತ್ತದೆ. ಎಂಬಿ-ಡಿ10 ಗ್ರಿಪ್ಪಿನಲ್ಲಿ ಎಂಟು ಎಎ ಸೆಲ್ ಹಾಕಿದರೆ ವೇಗ 8ಕ್ಕೆ ಏರುತ್ತದೆ. ಒಂದು ಎಚ್ಚರಿಕೆ: ಡಿ300ರಲ್ಲಿ 14 ಬಿಟ್ ಆರಿಸಿದರೆ ವೇಗ 2.5ಕ್ಕೆ ಕುಸಿಯುತ್ತದೆ. ಅಂಗಡಿಯಲ್ಲಿ ಪರೀಕ್ಷಿಸುವಾಗ ಕ್ಯಾಮೆರಾ ನಿಧಾನವಾಗಿದೆ ಎನಿಸಿದರೆ ಮೊದಲು ಆ ಮೆನುವನ್ನು ನೋಡಿ.

12 ಮತ್ತು 16 ಮೆಗಾಪಿಕ್ಸೆಲ್‌ಗಳ ಅಂತರಕ್ಕೆ ಮರುಳಾಗಬೇಡಿ. ಡಿ300ರ ಚಿತ್ರದ ಅಗಲ 4288 ಪಿಕ್ಸೆಲ್, ಡಿ7000ದ್ದು 4928. ಅಂದರೆ ಅಗಲದಲ್ಲಿ ಸಿಗುವ ಹೆಚ್ಚಳ ಸುಮಾರು ಶೇಕಡಾ 15 ಮಾತ್ರ. ದೂರದ ಹಕ್ಕಿಯನ್ನು ಕತ್ತರಿಸಿ ಹತ್ತಿರ ತರಲು ಅದು ಸ್ವಲ್ಪ ನೆರವಾಗುತ್ತದೆ, ಪವಾಡ ಮಾಡುವುದಿಲ್ಲ.

ಲೆನ್ಸ್ ಕೊಳ್ಳುವಾಗ ಇನ್ನೂ ಹೆಚ್ಚು ಜಾಗ್ರತೆ ಬೇಕು. 70-300 ಎಂಬ ಹೆಸರಿನಲ್ಲಿ ನಿಕಾನಿನ ಹಲವು ಲೆನ್ಸುಗಳಿವೆ. ಹೆಸರಿನಲ್ಲಿ ಎಎಫ್-ಪಿ ಎಂದಿರುವ ಲೆನ್ಸುಗಳು ಈ ಎರಡೂ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದೇ ಇಲ್ಲ, ಕೈಯಿಂದ ತಿರುಗಿಸಿದರೂ ಆಗುವುದಿಲ್ಲ, ಏಕೆಂದರೆ ಅವುಗಳ ಫೋಕಸ್ ರಿಂಗ್ ಕೂಡ ವಿದ್ಯುತ್ತಿನಿಂದಲೇ ನಡೆಯುವುದು. ಅಗ್ಗವಾಗಿ ಸಿಗುತ್ತದೆಂದು ಅದನ್ನು ತಂದರೆ ಕಪಾಟಿನಲ್ಲಿಡಬೇಕಷ್ಟೆ. ನಿಮಗೆ ಬೇಕಾದದ್ದು 2006ರಲ್ಲಿ ಬಂದ ಎಎಫ್-ಎಸ್ 70-300 ವಿಆರ್ (ವಿಆರ್ ಎಂದರೆ ಕೈ ನಡುಕದ ಮಸುಕನ್ನು ತಗ್ಗಿಸುವ ವ್ಯವಸ್ಥೆ). ಮುಂದೆ ಕೈಯಲ್ಲಿ ಹಣ ಸೇರಿದಾಗ 200-500 ಎಫ್/5.6 ಕೊಳ್ಳುವ ಯೋಚನೆ ಬಂದರೆ, ಅದು ಎರಡರಲ್ಲೂ ಕೆಲಸ ಮಾಡುತ್ತದೆ. ಡಿ90, ಡಿ200ಗಳಲ್ಲಾದರೆ ಅದರ ವಿದ್ಯುತ್ ಅಪರ್ಚರ್ ನಡೆಯುವುದಿಲ್ಲ.

ಬಯಲುನೋಟ

ಕ್ಷಮಿಸಿ, ನನ್ನ ಅಭಿಪ್ರಾಯ ಬೇರೆ. ಇಷ್ಟು ಹಳೆಯ ಯಂತ್ರಕ್ಕೆ 15,000 ರೂಪಾಯಿ ಸುರಿಯುವ ಬದಲು ಇನ್ನಷ್ಟು ದಿನ ಉಳಿತಾಯ ಮಾಡಿ, ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್ ಕೊಳ್ಳುವುದು ಜಾಣತನವಲ್ಲವೇ? ಇಂದಿನ ಒಳ್ಳೆಯ ಮೊಬೈಲುಗಳೇ ರಾತ್ರಿ ಚಿತ್ರವನ್ನು ಇದಕ್ಕಿಂತ ಚೆನ್ನಾಗಿ ತೆಗೆಯುತ್ತವೆ. ಈ ಕ್ಯಾಮೆರಾಗಳು ಕೆಟ್ಟರೆ ಬಿಡಿಭಾಗ ಎಲ್ಲಿಂದ ತರುತ್ತೀರಿ?

ಚಂಡೆಪ್ರಿಯ

ಬಯಲುನೋಟದವರೇ, ಬಿಡಿಭಾಗದ ವಿಚಾರದಲ್ಲಿ ನಿಮ್ಮ ಆತಂಕ ಸರಿಯಾದದ್ದೇ. ಅದಕ್ಕಾಗಿಯೇ ಇಂತಹ ಕ್ಯಾಮೆರಾಕ್ಕೆ ದುರಸ್ತಿಗೆಂದು ದೊಡ್ಡ ಹಣ ಹಾಕಬಾರದು. ಕೆಟ್ಟರೆ ಅದೇ ಮಾದರಿಯ ಇನ್ನೊಂದನ್ನು ಕೊಳ್ಳುವ ಲೆಕ್ಕದಲ್ಲೇ ಇರಬೇಕು. ಆದರೆ ಮೊಬೈಲಿನ ಮಾತನ್ನು ಒಪ್ಪಲಾರೆ. ಮೊಬೈಲಿನ ರಾತ್ರಿ ವಿಧಾನ ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಬೆಳಕು ಕೂಡಿಸುತ್ತದೆ. ಬೀದಿಯ ದೀಪ, ದೇವಸ್ಥಾನದ ಗೋಪುರ ಅಲುಗುವುದಿಲ್ಲ, ಆದ್ದರಿಂದ ಚೆನ್ನಾಗಿ ಬರುತ್ತವೆ. ರಂಗಸ್ಥಳದಲ್ಲಿ ಕುಣಿಯುತ್ತಿರುವ ವೇಷ ಹಾಗೆ ನಿಂತುಕೊಂಡು ಕಾಯುವುದಿಲ್ಲ. ಮಿರರ್‌ಲೆಸ್ ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ, ಆದರೆ ಚಿಕ್ಕಪ್ಪನ ಸ್ಕ್ರೂ ಲೆನ್ಸನ್ನು ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನೊಂದಿಗೆ ಝಡ್ ಕ್ಯಾಮೆರಾಕ್ಕೆ ಹಾಕಿದರೂ ಅಲ್ಲಿ ಆಟೋಫೋಕಸ್ ಸಿಗುವುದಿಲ್ಲ. ಅವರ 30,000ದ ಮಿತಿಯನ್ನು ಮರೆತು ಸಲಹೆ ಕೊಡುವುದರಲ್ಲಿ ಅರ್ಥವಿಲ್ಲ.

ವಿಡಿಯೊದ ಬಗ್ಗೆ ಯಾರೂ ಹೇಳಲಿಲ್ಲ. ಡಿ300ರಲ್ಲಿ ವಿಡಿಯೊ ಇಲ್ಲವೇ ಇಲ್ಲ. 2009ರಲ್ಲಿ ಬಂದ ಡಿ300ಎಸ್‌ನಲ್ಲಿ 720ಪಿ ಬಂತು. ಡಿ7000ದಲ್ಲಿ 1080ಪಿ ಇದೆ, ಒಂದು ತುಣುಕಿಗೆ ಸುಮಾರು 20 ನಿಮಿಷದ ಮಿತಿ. ಪೂರ್ತಿ ಪ್ರಸಂಗವನ್ನು ಹಿಡಿಯಲು ಅದು ಸಾಲದು, ಒಂದೆರಡು ಪದ್ಯಕ್ಕೆ ಸಾಕು. ಡಿ7000ದ ಡಯಲಿನಲ್ಲಿ "ಕ್ಯೂ" ಎಂಬ ಸದ್ದಡಗಿಸುವ ಸ್ಥಾನವೂ ಇದೆ. ಚಂಡೆ ಬಾರಿಸುವಾಗ ಅದರ ಅಗತ್ಯ ಯಾರಿಗೂ ಬೀಳುವುದಿಲ್ಲ; ವೇಷ, ಕುಣಿತವಿಲ್ಲದ ತಾಳಮದ್ದಳೆಯಲ್ಲಿ ಅರ್ಥಧಾರಿ ತಗ್ಗಿದ ದನಿಯಲ್ಲಿ ಮಾತಾಡುತ್ತಿರುವಾಗ ಎದುರು ಕುಳಿತು ಟಪಟಪನೆ ಶಟರ್ ಹೊಡೆದರೆ ಪಕ್ಕದವರು ತಿರುಗಿ ನೋಡುತ್ತಾರೆ.

ಸೋಗೆಮನೆ

ಎಲ್ಲರಿಗೂ ಧನ್ಯವಾದ. ಹಣದ ಮಿತಿಯಿಂದಾಗಿ ಮಿರರ್‌ಲೆಸ್ ಸದ್ಯಕ್ಕೆ ದೂರದ ಮಾತು. ಈ ವಾರಾಂತ್ಯದಲ್ಲಿ ಎರಡೂ ಅಂಗಡಿಗಳಿಗೆ ಹೋಗುವವನಿದ್ದೇನೆ. ಅಲ್ಲಿ ನಿಂತು ಏನೇನು ಪರೀಕ್ಷಿಸಬೇಕು, ಯಾವ ದೋಷವಿದ್ದರೆ ಬಿಟ್ಟುಬರಬೇಕು, ಯಾವುದಿದ್ದರೆ ಬೆಲೆ ಇಳಿಸಿ ತೆಗೆದುಕೊಳ್ಳಬಹುದು ಎಂದು ತಿಳಿಸುವಿರಾ?

ಹಳೇಗಾಜು

ನಿಮ್ಮದೇ ಲೆನ್ಸ್, ನಿಮ್ಮದೇ ಮೆಮೊರಿ ಕಾರ್ಡ್, ಒಂದು ಸಣ್ಣ ಟಾರ್ಚ್, ಸಾಧ್ಯವಾದರೆ ಲ್ಯಾಪ್‌ಟಾಪ್ ಒಯ್ಯಿರಿ. ಡಿ7000ಕ್ಕೆ ಎಸ್‌ಡಿ ಕಾರ್ಡ್ ಸಾಕು, ಎರಡು ಕಿಂಡಿಗಳಿರುವುದರಿಂದ ಎರಡನ್ನೂ ಪರೀಕ್ಷಿಸಿ. ಡಿ300ಕ್ಕೆ ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ಎಂಬ ಹಳೆಯ ಬಗೆಯ ಕಾರ್ಡ್ ಬೇಕು, ಅದನ್ನು ಓದಿಸಲು ಬೇರೆ ರೀಡರ್ ಬೇಕು. ಈ ಖರ್ಚನ್ನು 11,000ಕ್ಕೆ ಸೇರಿಸಿಯೇ ಹೋಲಿಸಬೇಕು. ಸಿಎಫ್ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಕೂದಲೆಳೆಯಷ್ಟು ತೆಳ್ಳಗಿನ ಪಿನ್ನುಗಳ ಎರಡು ಸಾಲುಗಳಿವೆ. ಒಂದು ಪಿನ್ ಬಾಗಿದ್ದರೂ ಆ ಕ್ಯಾಮೆರಾವನ್ನು ಅಲ್ಲಿಯೇ ಬಿಟ್ಟು ಬನ್ನಿ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಆಮೇಲೆ ಶಟರ್ ಎಣಿಕೆ, ಅಂದರೆ ಶಟರ್ ಇದುವರೆಗೆ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ. ನಿಕಾನ್ ಕ್ಯಾಮೆರಾಗಳು ಪ್ರತಿ ಚಿತ್ರದ ಎಕ್ಸಿಫ್ ಮಾಹಿತಿಯಲ್ಲಿ (ಚಿತ್ರದ ಫೈಲಿನೊಳಗೇ ಇರುವ ವಿವರ) ಅದುವರೆಗಿನ ಎಣಿಕೆಯನ್ನು ಬರೆದಿಡುತ್ತವೆ. ಅಲ್ಲಿಯೇ ಒಂದು ಚಿತ್ರ ತೆಗೆದು ಎಕ್ಸಿಫ್‌ಟೂಲ್ ತಂತ್ರಾಂಶದಲ್ಲಿ ತೆರೆದರೆ ಕಾಣುತ್ತದೆ. ಅಂಗಡಿಯವರು ಬಾಯಿಮಾತಿನಲ್ಲಿ ಹೇಳುವ ಸಂಖ್ಯೆಗೆ ಕಿವಿಗೊಡಬೇಡಿ. 1,50,000 ಎಂಬುದು ಆಯುಷ್ಯದ ಗೆರೆಯಲ್ಲ, ಅದನ್ನು ದಾಟಿ ಬಹಳ ದಿನ ಓಡಿದವೂ ಇವೆ, ಮುಟ್ಟುವ ಮೊದಲೇ ನಿಂತವೂ ಇವೆ. ಆದರೂ ಬೆಲೆ ಚೌಕಾಸಿಗೆ ಆ ಸಂಖ್ಯೆಗಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ.

ಮೆನುವಿನಲ್ಲಿ "ಬ್ಯಾಟರಿ ಇನ್ಫೊ" ಎಂಬಲ್ಲಿ ಬ್ಯಾಟರಿಯ ವಯಸ್ಸನ್ನು 0ರಿಂದ 4ರವರೆಗಿನ ಅಂಕಿಯಲ್ಲಿ ತೋರಿಸುತ್ತದೆ. 0 ಎಂದರೆ ಹೊಸದು, 4 ಎಂದರೆ ಮುಗಿದದ್ದು. ಬ್ಯಾಟರಿಯ ವಿಷಯದಲ್ಲಿ ಡಿ7000 ಮುಂದಿದೆ. ಅದರ ಇಎನ್-ಇಎಲ್15 ಕುಟುಂಬದ ಬ್ಯಾಟರಿಗಳು ಇಂದಿನ ಝಡ್ ಸರಣಿಯ ಕ್ಯಾಮೆರಾಗಳಲ್ಲೂ ಬಳಕೆಯಲ್ಲಿವೆ. ಡಿ300ರ ಇಎನ್-ಇಎಲ್3ಇ ಒಂದು ಕಾಲದಲ್ಲಿ ಡಿ80, ಡಿ90, ಡಿ200, ಡಿ700 ಎಲ್ಲಕ್ಕೂ ಒಂದೇ ಆಗಿತ್ತು, ಈಗ ಅಸಲಿಯನ್ನು ಹುಡುಕಬೇಕು. ಬೇರೆ ಕಂಪನಿಯ ಬ್ಯಾಟರಿಗಳು ಸಿಗುತ್ತವೆ, ಒಂದು ಚೆನ್ನಾಗಿದ್ದರೆ ಇನ್ನೊಂದು ಚೆನ್ನಾಗಿರುವುದಿಲ್ಲ.

ಸಂವೇದಕ ನೋಡುವ ವಿಧಾನ ಹೀಗೆ. ಅಂಗಡಿಯ ಹೊರಗೆ ಬಂದು, ಅಪರ್ಚರನ್ನು ಎಫ್/16ಕ್ಕೆ ಇಟ್ಟು, ಫೋಕಸನ್ನು ಬೇಕೆಂದೇ ತಪ್ಪಿಸಿ, ಬರಿಯ ಆಕಾಶದ ಚಿತ್ರ ತೆಗೆಯಿರಿ. ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ಸರಿಸುತ್ತಾ ಹೋಗಿ. ಮಸುಕಾದ ಬೂದು ಚುಕ್ಕೆಗಳು ಧೂಳಿನವು, ಬ್ಲೋವರಿನ ಗಾಳಿಗೋ ಸ್ವಾಬಿಗೋ ಹೋಗುತ್ತವೆ. ಡಿ7000ದ ಮೊದಮೊದಲ ಕ್ಯಾಮೆರಾಗಳಲ್ಲಿ ಶಟರಿನ ಎಣ್ಣೆಯ ಸಣ್ಣ ಹನಿ ಸಂವೇದಕದ ಮೇಲೆ ಕೂರುತ್ತಿತ್ತೆಂದು ಬಹಳ ಜನ ಬರೆದಿದ್ದಾರೆ. ಅಂಚು ಸ್ಪಷ್ಟವಾದ, ನಡು ತಿಳಿಯಾದ ಉಂಗುರಗಳಂತೆ ಕಂಡರೆ ಅದೇ ಇರಬಹುದು. ಅದೂ ಒದ್ದೆ ಸ್ವಾಬಿನಲ್ಲಿ ಹೋಗುವಂಥದ್ದೇ, ಬೆಲೆ ಇಳಿಸಿ ಕೇಳಿ. ಗೀರು ಕಂಡರೆ ಮಾತ್ರ ಬೇಡ.

ಡಿ300ರಲ್ಲಿ ಹೆಬ್ಬೆರಳು ಊರುವ ಜಾಗದ ರಬ್ಬರ್ ಹಿಗ್ಗಿ ಕಳಚಿಕೊಳ್ಳುವುದು ವಯಸ್ಸಿನ ಲಕ್ಷಣ. ಅಂಟು ಹಾಕಿ ಕೂರಿಸಬಹುದು. ಇದು ಅಂದಗೇಡು, ದೋಷವಲ್ಲ.

ಕೆರೆದಂಡೆ

ಕರಾವಳಿಯವರಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಚಿಕ್ಕಪ್ಪನ ಲೆನ್ಸ್ ಎಷ್ಟು ವರ್ಷ ಪೆಟ್ಟಿಗೆಯಲ್ಲಿತ್ತು? ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ತುಣುಕಿನಂತೆ ಕವಲೊಡೆದ ಬಿಳಿಯ ಎಳೆಗಳು ಕಂಡರೆ ಅದು ಫಂಗಸ್. ಹೊನ್ನಾವರದ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಯಾವ ಲೆನ್ಸಿಗೂ ಇದು ತಪ್ಪಿದ್ದಲ್ಲ. ಕ್ಯಾಮೆರಾ ಕೊಂಡ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ. ಚೀಲ ಬೇಡ.

ಸೋಗೆಮನೆ

ಹೋಗಿ ಬಂದೆ. ಡಿ300 ಹೊರನೋಟಕ್ಕೆ ಗಟ್ಟಿಮುಟ್ಟಾಗಿತ್ತು, ಪಿನ್ನುಗಳು ನೆಟ್ಟಗಿದ್ದವು, ಹೆಬ್ಬೆರಳ ರಬ್ಬರ್ ಎದ್ದಿತ್ತು. ಎಣಿಕೆ 1,38,000 ದಾಟಿತ್ತು. ಅಂಗಡಿಯವರು 40,000 ಎಂದು ಹೇಳಿದ್ದರು. ಕಂಪ್ಯೂಟರಿನಲ್ಲಿ ತೋರಿಸಿದಾಗ ಬೆಲೆ ತಾನಾಗಿ 8,500ಕ್ಕೆ ಇಳಿಯಿತು.

ಡಿ7000ದ ಎಣಿಕೆ 31,000ದ ಆಸುಪಾಸು. ನನ್ನ ಲೆನ್ಸನ್ನು ಅಲ್ಲಿಯ ಹುಡುಗ ತಾನೇ ಜೋಡಿಸಿದ, "ಎಫ್‌ಇಇ" ಎಂದು ಮಿನುಗಿತು, ಲೆನ್ಸ್ ಹೋಗಿದೆ ಸಾರ್, ನಮ್ಮಲ್ಲಿ ಬೇರೆ ಇದೆ ಎಂದ. ರಿಂಗನ್ನು 22ಕ್ಕೆ ತಿರುಗಿಸಿ ಲಾಕ್ ಹಾಕಿ ಕೊಟ್ಟ ಮೇಲೆ ಮಾತಾಡಲಿಲ್ಲ. ಆಕಾಶದ ಚಿತ್ರದಲ್ಲಿ ಮೇಲಿನ ಎಡಮೂಲೆಯ ಬಳಿ ಆರೇಳು ಚುಕ್ಕೆಗಳಿವೆ. ಬ್ಯಾಟರಿ ವಯಸ್ಸು 2. ಚೌಕಾಸಿಯ ನಂತರ 13,500ಕ್ಕೆ ಬಂದಿದ್ದಾರೆ. ಲೆನ್ಸಿನಲ್ಲಿ ಫಂಗಸ್ ಇಲ್ಲ. ನನ್ನ ಮನಸ್ಸು ಡಿ7000ದ ಕಡೆ ವಾಲಿದೆ.

ಮಿಂಚುಳ್ಳಿ

8,500ಕ್ಕೆ ಡಿ300 ಎಂದರೆ ಉಳಿಯುವ 5,000ದಲ್ಲಿ ಒಳ್ಳೆಯ ಲೆನ್ಸಿನ ಕಡೆಗೆ ಅಷ್ಟು ದೂರ ಹೋಗಬಹುದು. ಹಗಲ ಹಕ್ಕಿಯೇ ಮುಖ್ಯವಾಗಿದ್ದರೆ ಆ ಎಣಿಕೆಯಲ್ಲೂ ನಾನು ಅದನ್ನೇ ತೆಗೆದುಕೊಳ್ಳುತ್ತಿದ್ದೆ. ಆದರೆ ನಿಮ್ಮ ಬಹುಪಾಲು ಚಿತ್ರಗಳು ರಾತ್ರಿಯವು ಎಂದು ಮೊದಲೇ ಹೇಳಿದ್ದೀರಿ, ಎಣಿಕೆಯ ಅಂತರವೂ ಸಣ್ಣದಲ್ಲ. ಆದ್ದರಿಂದ ಡಿ7000 ತೆಗೆದುಕೊಳ್ಳಿ. ಹಕ್ಕಿಗಳಿಗೆ ಹೋದಾಗ 9 ಬಿಂದುಗಳ ಡೈನಾಮಿಕ್ ಫೋಕಸ್ ಇಟ್ಟು ನಡುವಿನ ಬಿಂದುವನ್ನೇ ಬಳಸಿ, ಗುಂಡಿಯನ್ನು ಒತ್ತಿಯೇ ಹಿಡಿಯದೆ ಎರಡು ಮೂರು ಚಿತ್ರಗಳ ಸಣ್ಣ ಸಾಲುಗಳಲ್ಲಿ ತೆಗೆಯಿರಿ. ಬಫರಿನ ತೊಂದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಚಂಡೆಪ್ರಿಯ

ಯು1ರಲ್ಲಿ ರಂಗಸ್ಥಳಕ್ಕೆ ಇದನ್ನು ಉಳಿಸಿಡಿ: ರಾ ಫೈಲ್, ಮ್ಯಾನುಯಲ್ ವಿಧಾನ, ಎಫ್/2.2, 1/100, ಆಟೋ ಐಎಸ್‌ಒ ಗರಿಷ್ಠ 3200, ಎಕ್ಸ್‌ಪೋಷರ್ 0.7ರಷ್ಟು ಕಡಿಮೆ. ಫೋಕಸ್ ಸಹಾಯಕ ದೀಪವನ್ನು ಮೆನುವಿನಲ್ಲಿ ಆರಿಸಿಬಿಡಿ, ಅದು ವೇಷಧಾರಿಯ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ಚಿತ್ರ ನೋಡುವಾಗ ಮೂರು ಬಣ್ಣದ ಹಿಸ್ಟೋಗ್ರಾಮ್ (ಕತ್ತಲು ಎಡಕ್ಕೂ ಬೆಳಕು ಬಲಕ್ಕೂ ಇರುವಂತೆ ತೋರಿಸುವ ನಕ್ಷೆ) ತೆರೆದು ಕೆಂಪಿನ ಗೆರೆ ಬಲ ಅಂಚಿಗೆ ತಾಗಿದೆಯೇ ಎಂದು ನೋಡಿ. ಒಟ್ಟು ಹಿಸ್ಟೋಗ್ರಾಮ್ ಸರಿಯಿದ್ದರೂ ಕೆಂಪು ವೇಷದಲ್ಲಿ ಅದೊಂದೇ ತುಂಬಿ ಹರಿದಿರುತ್ತದೆ, ಆಗ ಬಟ್ಟೆಯ ನೆರಿಗೆಗಳೆಲ್ಲ ಒಂದೇ ಕೆಂಪು ಮುದ್ದೆಯಾಗುತ್ತವೆ.

ಸೋಗೆಮನೆ

ಡಿ7000ಕ್ಕೆ ಮುಂಗಡ ಕೊಟ್ಟಾಯಿತು. ಚುಕ್ಕೆಗಳನ್ನು ಒದ್ದೆ ಸ್ವಾಬಿನಲ್ಲಿ ತೆಗೆಸಿ, ಮತ್ತೆ ಎಫ್/16ರಲ್ಲಿ ಆಕಾಶ ತೆಗೆದು ತೋರಿಸಿದ ಮೇಲೆಯೇ ಬಾಕಿ ಹಣ ಎಂದು ಹೇಳಿ ಬಂದಿದ್ದೇನೆ, ಅವರೂ ಒಪ್ಪಿದ್ದಾರೆ. ಉಳಿದ ಹಣದಲ್ಲಿ ಮಿಂಚುಳ್ಳಿ ಮೇಡಂ ಹೇಳಿದ 70-300 ವಿಆರ್ ಹುಡುಕುತ್ತಿದ್ದೇನೆ. ಒಬ್ಬರು ಫೋನಿನಲ್ಲಿ "ಅದೇ ಲೆನ್ಸ್" ಎಂದರು. ಚಿತ್ರ ಕಳುಹಿಸಿ ಎಂದೆ, ಹೆಸರಿನ ಪಟ್ಟಿಯಲ್ಲಿ ಎಎಫ್-ಪಿ ಎಂದಿತ್ತು.

ಮಿಂಚುಳ್ಳಿ

ಹಾಗಿದ್ದರೆ ಕಾಯಿರಿ. ಎಎಫ್-ಎಸ್ ಮಾದರಿ ಬಳಸಿದ್ದು ಸಾಕಷ್ಟು ಸಿಗುತ್ತದೆ. ಸಿಕ್ಕಾಗ ವಿಆರ್ ಗುಂಡಿ ಹಾಕಿ, 300 ಎಂಎಂನಲ್ಲಿ 1/60ಕ್ಕೆ ಒಂದು ಅಂಗಡಿ ಫಲಕವನ್ನು ತೆಗೆದು ಅಕ್ಷರಗಳು ಓದಲು ಬರುತ್ತವೆಯೇ ನೋಡಿ, ಆಮೇಲೆ ಬೆಲೆ ಮಾತಾಡಿ.